ಲೋಡ್‌ಶೆಡ್ಡಿಂಗ್ ಹೊತ್ತಿನ ಗ್ಯಾಲಕ್ಸಿ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಹಳೆಯ ಟಾರ್ಚೊಂದು ಸಿಕ್ಕಿತು. ಮುಚ್ಚಳ ತಿರುಗಿಸಿದ್ದೇ ತಡ, ಸೋರಿದ ಸೆಲ್ಲಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಮೇಲಿನ ಮಹಡಿಯ ಅಕ್ಕ ನೆನಪಿಗೆ ಬಂದಳು...

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅವಳಷ್ಟು ಬುದ್ಧಿವಂತರು ಇರಲಿಲ್ಲ. ನಾನಾಗ ನಾಲ್ಕನೇ ಕ್ಲಾಸು. ಬುದ್ಧಿಯಲ್ಲಿ ಎರಡನೇ ಸ್ಥಾನ ನನ್ನದು. ಅವಳಿಗೆ ದೂರದ ಗ್ಯಾಲಕ್ಸಿಗಳ ಹುಚ್ಚು. ಕೆಲವು ಗ್ಯಾಲಕ್ಸಿಗಳ ಕೇಂದ್ರದಿಂದ ಚಿಲುಮೆಯಂತೆ ಜೆಟ್ ಎಂಬ ಉರಿಯುವ ಧಾರೆ ಚಿಮ್ಮುತ್ತದಂತೆ. ಅದು ನೇರ ನಮ್ಮ ಕಡೆಗೇ ತಿರುಗಿದ್ದರೆ ಆ ಗ್ಯಾಲಕ್ಸಿಯ ಬೆಳಕು ಗಂಟೆಗಳಲ್ಲೇ ಏರಿ ಇಳಿಯುತ್ತದಂತೆ. ಪುಣೆಗೆ ಹೋಗಿ ಇದರ ಮೇಲೆ ಪಿಎಚ್‌ಡಿ ಮಾಡಬೇಕೆಂದು ಅವಳ ಆಸೆ. ಅವಳ ಅಪ್ಪ, ಸ್ಟೇಶನ್ ಹತ್ತಿರ ಉಡುಪಿ ಹೊಟೇಲು ನಡೆಸುತ್ತಿದ್ದ ಮಾಮ, ಖಾರಘರದ ಹುಡುಗನೊಬ್ಬನ ಜಾತಕ ಆಗಲೇ ತರಿಸಿಟ್ಟಿದ್ದರು.

ಜಗಳ ಜೋರಾಗಿ, ಕೊನೆಗೆ ಮಾಮ ಒಂದು ಶರತ್ತು ಹಾಕಿದರು. "ಸಾಂಬಾರಿಗೆ ಎಂತ ಹಾಕ್ತೇನೆ ಅಂತ ಯಾವ ಗಿರಾಕಿ ಕೇಳಿದ್ರೂ ನಾನು ಹೇಳ್ತೇನೆ. ನೀನು ಎಂತ ಓದುದು ಅಂತ ನಂಗೆ ಅರ್ಥ ಆಗುವ ಹಾಗೆ ಒಂದ್ಸಲ ಹೇಳು, ಕಳಿಸುವ. ಇಲ್ಲದಿದ್ರೆ ಖಾರಘರ."

ಅಕ್ಕನಿಗೆ ಕತ್ತಲೆ ಬೇಕಿತ್ತು. ದಿನಾ ಸಂಜೆ ಲೋಡ್‌ಶೆಡ್ಡಿಂಗ್ ಇದ್ದ ಕಾಲ, ಕತ್ತಲೆಗೇನು ಬರ? ಮಕ್ಕಳಿಗೆಲ್ಲ ಮನೆಯಿಂದ ಟಾರ್ಚು ತರಲು ಹೇಳಿದಳು. ನಾವು ಎಷ್ಟು ವಿಧೇಯರೆಂದರೆ ಕಟ್ಟಡದ ಒಂದೂ ಮನೆಯಲ್ಲಿ ಟಾರ್ಚು ಉಳಿಯಲಿಲ್ಲ. ವಾಚ್‌ಮನ್ನನದೂ ಬಂತು.

ಮಾಮ ಟೆರೇಸಿನಲ್ಲಿ ಕುರ್ಚಿ ಹಾಕಿ ಕೂತರು. ಅಕ್ಕ ನಮ್ಮನ್ನು ಈ ತುದಿಯಿಂದ ಆ ತುದಿಗೆ ಸಾಲಾಗಿ ನಿಲ್ಲಿಸಿದಳು. ಹೊಟೇಲಿನಲ್ಲಿ ಆರ್ಡರ್ ಕೂಗುವ ಹಾಗೆ ಮೊದಲನೆಯವನು "ಏಕ್ ಮಸಾಲಾ" ಎಂದು ಟಾರ್ಚು ಹಚ್ಚಬೇಕು. ಕೇಳಿಸಿಕೊಂಡ ಪಕ್ಕದವನು ತಾನೂ ಕೂಗಿ ಹಚ್ಚಬೇಕು. ಸಾಲು ಪೂರ್ತಿ ಬೆಳಗುವಷ್ಟರಲ್ಲಿ ಒಬ್ಬ ಆಕಳಿಸಿದ, ಇನ್ನೊಬ್ಬ ಚಟ್ನಿ ಕೇಳಿದ, ಮಾಮ ತೂಕಡಿಸಿದರು. ಆಮೇಲೆ ಮೂವರನ್ನು ಮಾತ್ರ ಒತ್ತೊತ್ತಾಗಿ ನಿಲ್ಲಿಸಿದಳು. ಕೂಗಿದ್ದೇ ತಡ, ಮೂರೂ ಹೊತ್ತಿದವು.

ಮಾಮ ನೆಟ್ಟಗೆ ಕೂತರು. "ಅಂದ್ರೆ ಬೇಗ ಬೇಗ ಹೊತ್ತಿ ಆರುದಾದ್ರೆ ಜಾಗ ಸಣ್ಣದು. ನಮ್ಮ ಹಳೇ ಹೊಟೇಲಿನ ಹಾಗೆ. ಗಲ್ಲಾದಿಂದ ಕೂಗಿದ್ರೆ ದೋಸೆ ಕಾವಲಿಗೇ ಕೇಳ್ತಿತ್ತು."

"ಅದೇ ಅಪ್ಪಾ. ಅಷ್ಟು ದೂರದ ಗ್ಯಾಲಕ್ಸಿಯಲ್ಲಿ ಬೆಳಕು ಹೊಮ್ಮುವ ಜಾಗ ಎಷ್ಟು ಸಣ್ಣದು ಅಂತ ಅದರ ಮಿನುಗು ನೋಡಿಯೇ ಗೊತ್ತಾಗ್ತದೆ. ನಾನು ಓದುದು ಇದನ್ನೇ."

ಇನ್ನು ಜೆಟ್ಟಿನ ಪಾತ್ರ, ಅದು ನನ್ನದು. ನಮ್ಮಪ್ಪನ ಐದು ಸೆಲ್ಲಿನ ಟಾರ್ಚನ್ನು ನೇರ ಮಾಮನ ಕಣ್ಣಿಗೇ ಬಿಟ್ಟೆ. ಎರಡು ಸ್ಟೇಶನ್ ಆಚೆಯ ದಿವಾಕ್ಕೂ ಕಂಡಿರಬೇಕು.

ಅಷ್ಟರಲ್ಲಿ ನಮ್ಮಮ್ಮ ಮೇಣದಬತ್ತಿ ಹಿಡಿದು ಮೇಲೆ ಬಂದಳು. ಕೆಳಗೆ ಇಡೀ ಕಟ್ಟಡ ತಡಕಾಡುತ್ತಿತ್ತಂತೆ. ಎರಡನೇ ಮಹಡಿಯ ಅಜ್ಜ ಪಕ್ಕದ ಮನೆಗೆ ನುಗ್ಗಿ, ಅವರ ಸೋಫಾದಲ್ಲಿ ಕೂತು ಚಾ ಕೇಳಿದ್ದರಂತೆ.

"ಒಂದು ನಿಮಿಷ ಮಾರಾಯ್ರೆ," ಮಾಮ ಕಣ್ಣುಜ್ಜಿಕೊಳ್ಳುತ್ತ ಹೇಳಿದರು. "ಆ ದೊಡ್ಡ ಸಾಲು ಇನ್ನೊಂದ್ಸಲ ನೋಡ್ಬೇಕು."

ಅಮ್ಮ ಕೇಳಲಿಲ್ಲ. ಟಾರ್ಚುಗಳನ್ನೆಲ್ಲ ಸೆರಗಿಗೆ ತುಂಬಿ, ನನ್ನ ಕಿವಿ ಹಿಡಿದು ಮೆಟ್ಟಿಲಿಳಿದಳು. ಗ್ಯಾಲಕ್ಸಿ ಮುಗಿಯಿತು. ಹಿಂದೆ, ಕತ್ತಲಲ್ಲಿ, ಮಾಮನ ದನಿ ಮಾತ್ರ ಕೇಳಿಸಿತು.

"ಪುಣೆಯಲ್ಲಿ ಊಟಕ್ಕೆ ಎಂತ ಮಾಡ್ತಿ?"

ಅಕ್ಕ ಹೋದಳು. ಮಾಮ ಹೊಟೇಲು ಬಿಟ್ಟು ಅವಳಿದ್ದಲ್ಲಿಗೇ ಹೋದರು... ಅವರ ಮನೆಯಲ್ಲೀಗ ಬೇರೆಯವರಿದ್ದಾರೆ. ನನ್ನ ಬುರುಡೆಯನ್ನು ಕೊನೆತನಕ ಕೇಳಿ, ನಗದೆ, "ಆಮೇಲೆ?" ಎನ್ನುತ್ತಿದ್ದವಳು ಅವಳೊಬ್ಬಳೇ. ಈಗ ಯಾರೂ ಕೇಳುವುದಿಲ್ಲ.