ಟೆಂಪೊ ಮೇಲಿನ ಮಾವ

ಇವತ್ತು ಬೆಳಿಗ್ಗೆ ಸ್ಟಿಕ್ಕರು ಮಾಡುವ ಕಪ್ಪು ವಿನೈಲ್ ಹಾಳೆಯ ಹೊಸ ರೋಲು ಬಿಚ್ಚಿದೆ. ಗೋಂದು, ಪ್ಲಾಸ್ಟಿಕ್ಕು, ಒಂದಿಷ್ಟು ಸೀಮೆಎಣ್ಣೆ ಕಲಸಿದಂಥ ವಾಸನೆ ಅದರದು. ಅದು ಮೂಗಿಗೆ ಬಡಿದರೆ ನನ್ನ ಗಂಡನಿಗೆ ತಲೆನೋವು ಬರುತ್ತದೆ. ನನಗೆ ಒಬ್ಬ ಮನುಷ್ಯನ ಮೀಸೆ ನೆನಪಾಗುತ್ತದೆ. ನಗಬೇಡಿ. ಆ ಮೀಸೆಯ ಮೇಲೆ ಸುರಿದ ತಾಳ್ಮೆಯನ್ನು ಮಕ್ಕಳ ಗಣಿತದ ಮೇಲೆ ಸುರಿದಿದ್ದರೆ ಮನೆಯಲ್ಲಿ ಎಷ್ಟೋ ಶಾಂತಿ ಇರುತ್ತಿತ್ತು.

ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜನ ಅದನ್ನು ರೇಡಿಯಂ ಅಂಗಡಿ ಎನ್ನುತ್ತಾರೆ. ಬೈಕಿನ ನಂಬರು, ಆಟೊದ ಗಾಜಿನ ಮೇಲಿನ ಹೆಸರು, ದವಾಖಾನೆಯ ಬಾಗಿಲಿನ 'ಚಪ್ಪಲಿ ಹೊರಗೆ ಬಿಡಿ', ಎಲ್ಲವನ್ನೂ ಮಷಿನ್ನಿನಲ್ಲಿ ಕತ್ತರಿಸಿ ಅಂಟಿಸುವುದು ನನ್ನ ಕೆಲಸ. ಬಂದವರು ಮೊದಲು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಅಣ್ಣೋರು ಇಲ್ಲೇನ್ರಿ?" ಎಂದು ಕೇಳುತ್ತಾರೆ. ಅಣ್ಣ ಯಾರೂ ಇಲ್ಲ, ಇರುವವಳು ನಾನೇ ಎಂದು ಖಾತ್ರಿಯಾದ ಮೇಲೆ ಒಲ್ಲದ ಮನಸ್ಸಿನಿಂದ ಫೋನು ತೆಗೆದು ಒಂದು ಫೋಟೊ ತೋರಿಸುತ್ತಾರೆ. ನನ್ನ ಗ್ರಹಚಾರ ಅಲ್ಲಿಂದ ಶುರು.

ನೋಡಿ, ಈ ಮಷಿನ್ನಿಗೆ ಫೋಟೊ ಎಂದರೆ ಏನೆಂದೇ ತಿಳಿಯದು. ಅದರಲ್ಲಿರುವುದು ಒಂದು ಪುಟ್ಟ ಬ್ಲೇಡು. ಗೆರೆ ತೋರಿಸಿದರೆ ಆ ಗೆರೆಯ ಮೇಲೆ ಹೋಗುತ್ತದೆ. ಗೆರೆ ಹೊರಟಲ್ಲಿಗೇ ಬಂದು ಕೂಡಿಕೊಂಡಿರಬೇಕು, ಎಲ್ಲೂ ಬಾಯಿ ಬಿಟ್ಟಿರಬಾರದು. ಬೂದು ಬಣ್ಣ, ಮಬ್ಬು, ನೆರಳು ಎಂಬ ನಯನಾಜೂಕು ಅದಕ್ಕಿಲ್ಲ. ಒಂದೋ ಕಪ್ಪು ಇರಬೇಕು, ಇಲ್ಲವೋ ಏನೂ ಇರಬಾರದು. ಹೀಗೆ ಗೆರೆಗಳಲ್ಲಿ ಬಿಡಿಸಿದ್ದಕ್ಕೆ ವೆಕ್ಟರ್ ಫೈಲು ಎನ್ನುತ್ತಾರೆ. ಫೋಟೊವನ್ನು ತಾನೇ ಗೆರೆ ಮಾಡಿಕೊಡುವ ಗುಂಡಿಯೊಂದು ಕಂಪ್ಯೂಟರಿನಲ್ಲಿದೆ, ನಿಜ. ಅದನ್ನು ಒತ್ತಿದರೆ ಕೆನ್ನೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು ಬರುತ್ತವೆ. ಅಷ್ಟನ್ನೂ ಕತ್ತರಿಸಲು ಹೋಗಿ ಬ್ಲೇಡು ಗಡಗಡ ನಡುಗುತ್ತದೆ, ವಿನೈಲ್ ಹರಿಯುತ್ತದೆ. ಇದನ್ನೆಲ್ಲ ನಾನು ಗಿರಾಕಿಗಳಿಗೆ ಭಕ್ತಿಯಿಂದ ವಿವರಿಸುತ್ತೇನೆ. ಅವರು ಅಷ್ಟೇ ಭಕ್ತಿಯಿಂದ ಕೇಳಿ, ಕೊನೆಗೆ, "ಝೂಮ್ ಮಾಡ್ರಿ ಅಕ್ಕಾ, ಕ್ಲಿಯರ್ ಆಗ್ತದ" ಎನ್ನುತ್ತಾರೆ.

ಸಿದ್ಧಾರ್ಥನೂ ಹಾಗೇ ಅಂದ. ಅವನು ನಮ್ಮ ಓಣಿಯವನೇ. ಸ್ವಂತ ಟೆಂಪೊದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯವರೆಗೆ ಹೋಗಿಬರುವವನು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬಂದು, "ಅಕ್ಕಾ, ಟೆಂಪೊ ಹಿಂದಿನ ಬಾಗಲಕ್ಕ ನಮ್ಮ ಮಾವಂದು ಮಾರಿ ಹಾಕಬೇಕು" ಎಂದ.

"ಮುಖ ಬ್ಯಾಡಪ್ಪ, ಹೆಸರು ಹಾಕೋಣ. ಅದೇ ಚಂದ ಕಾಣ್ತದ."

"ಹೆಸರು ಹಾಕಿದ್ರ ಯಾರಂತ ತಿಳೀಬೇಕು? ಚಿತ್ತಾಪುರದಾಗ ದೇವಿಂದ್ರಪ್ಪ ಅಂತ ಕೂಗಿದ್ರ ಅರ್ಧ ಬಸ್ ಸ್ಟ್ಯಾಂಡ್ ತಿರುಗಿ ನೋಡ್ತದ."

ಅವನು ತೋರಿಸಿದ ಫೋಟೊವನ್ನು ಹೇಗೆ ವರ್ಣಿಸಲಿ? ವಾಡಿಯಲ್ಲಿ ಯಾರದೋ ಮದುವೆಯ ಗುಂಪು ಫೋಟೊ ಅದು. ಗೋಡೆಯ ಮೇಲಿದ್ದುದನ್ನು ಚೌಕಟ್ಟಿನ ಗಾಜಿನ ಸಮೇತ ಮೊಬೈಲಿನಲ್ಲಿ ಹೊಡೆದಿದ್ದರು. ಮಾವ ಹಿಂದಿನ ಸಾಲಿನಲ್ಲಿ, ಮುಂದಿನವನ ಪೇಟದ ಮರೆಯಲ್ಲಿ ನಿಂತಿದ್ದಾರೆ. ಹಣೆಯ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತಿದೆ. ಮೀಸೆ ಎಲ್ಲಿ ಮುಗಿಯಿತು, ಪೇಟದ ನೆರಳು ಎಲ್ಲಿ ಶುರುವಾಯಿತು ಎಂಬುದು ಆ ದೇವರಿಗೇ ಗೊತ್ತು. ಇದು ಸಾಲದೆಂದು ಯಾರೋ ಪುಣ್ಯಾತ್ಮರು ಎದೆಯ ಮೇಲೆ ಗುಲಾಬಿ ಹೂವಿಟ್ಟು 'ಶುಭೋದಯ' ಎಂದು ಬರೆದಿದ್ದರು.

"ಬ್ಯಾರೆ ಫೋಟೊ ತಕ್ಕೊಂಡ್ ಬಾ" ಎಂದೆ.

"ಹ್ಯಾಂಗ ತರ್ಲಿ ಅಕ್ಕಾ? ಅವರು ನನ್ನ ಕೂಡ ಮಾತಾಡಂಗಿಲ್ಲ."

ಆಮೇಲೆ ಕೂತು ಎಲ್ಲ ಹೇಳಿದ. ದೇವಿಂದ್ರಪ್ಪನವರದು ಕಾಗಿಣಾ ನದಿಯ ದಂಡೆಯ ಹಳೆಯ ಮನೆತನ. ಚಿತ್ತಾಪುರ ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣಿನ ಬಂಡಿ ಇಟ್ಟುಕೊಂಡಿದ್ದರು. ಒಬ್ಬಳೇ ಮಗಳು ರೇಣುಕಾ ಇವನನ್ನು ಮೆಚ್ಚಿ ಮದುವೆಯಾದಳು. ಇವನ ಜಾತಿ ಬೇರೆ. ಮನೆಯಲ್ಲಿ ಬುದ್ಧನ ಪಟವಿಟ್ಟು ಪೂಜಿಸುವವರು. ತಂದೆ ಅಂದೇ ಮಗಳಿಗೆ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದರು. ಟೆಂಪೊ ದಿನವೂ ಅವರ ಬಂಡಿಯ ಮುಂದೆಯೇ ಹೋಗುತ್ತದೆ. ಇವನು ಹಾರ್ನು ಹೊಡೆಯುತ್ತಾನೆ, ಅವರು ಹಣ್ಣು ಒರೆಸುತ್ತಾ ತಲೆ ತಗ್ಗಿಸುತ್ತಾರೆ, ಇವನಿಗೆ ಕಾಣುವುದು ಬರೀ ಟೋಪಿ. "ಟೆಂಪೊ ಮ್ಯಾಲ ಅವರದೇ ಮಾರಿ ಕಂಡ್ರ ಒಮ್ಮೆರ ತಲಿ ಎತ್ತಿ ನೋಡ್ತಾರಲ್ಲ" ಎಂದ. ಇಷ್ಟು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ರೇಣುಕಾ ಬಂದು ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು. ಗುಂಡಿ ಒತ್ತಿದರೆ ಬರುವ ಮುಖ ಇದಲ್ಲವೆಂದು ಗೊತ್ತಿದ್ದ ನಾನು, ಫೋಟೊದ ಮೇಲೆ ಒಂದೊಂದೇ ಬಿಂದು ಇಟ್ಟು ಕೈಯಿಂದಲೇ ಗೆರೆ ಎಳೆಯುತ್ತಿದ್ದೆ. ಬಿಂದು ಕಡಿಮೆಯಾದಷ್ಟೂ ಗೆರೆ ನುಣುಪು. ಅವಳಿಗೆ ಅದೆಲ್ಲ ಬೇಕಿರಲಿಲ್ಲ.

"ಮೂಗು ಹಿಂಗಿಲ್ಲ ಅಕ್ಕಾ. ಇದು ನಮ್ಮ ದೊಡ್ಡಪ್ಪಂದು ಆಯ್ತು."

ತಿದ್ದಿದೆ.

"ಈಗ ಸಿಟ್ಟಿಗೆದ್ದಂಗ ಕಾಣ್ತಾರ."

"ಸಿಟ್ಟಿನಾಗೇ ಅದಾರಲ್ಲ ತಾಯಿ!"

"ನನ್ನ ಮ್ಯಾಲ ಸಿಟ್ಟು ಮಾಡಿದಾಗ ಹಿಂಗ ಕಾಣಲ್ಲ. ಕಣ್ಣು ಕೆಳಗ ಹೋಗ್ತಾವ."

ಮೀಸೆಯ ಸರದಿ ಬಂದಾಗ ಅವಳು ಸ್ಟೂಲು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಇನ್ನಾ ದಪ್ಪ ಮಾಡ್ರಿ. ಕರ್‍ರಗ ಇತ್ತು. ತುದಿ ಮ್ಯಾಲ ಏಳ್ತಿತ್ತು. ಸಣ್ಣಾಕಿದ್ದಾಗ ನಾ ಹಿಡದು ಜಗ್ಗತಿದ್ದೆ, ಅಪ್ಪ ಸುಮ್ಮನ ಕುಂದರ್ತಿದ್ದ." ಹೀಗೆ ಹೇಳಿದರೆ ನಾನು ರೇಗುವುದಾದರೂ ಹೇಗೆ? ದಪ್ಪ ಮಾಡಿದೆ, ತುದಿ ಎತ್ತಿದೆ, ಮತ್ತೆ ದಪ್ಪ ಮಾಡಿದೆ. ಮೊದಲ ಸಲ ಕತ್ತರಿಸಿದಾಗ ಎಡ ತುದಿ ಹರಿದು ಮಷಿನ್ನಿಗೆ ಸುತ್ತಿಕೊಂಡಿತು. ಗೆರೆ ಅಲ್ಲಿ ಕೂಡಿಕೊಂಡಿರಲಿಲ್ಲ. ನಾನು ಮೌಸನ್ನು ಮೇಜಿಗೆ ಕುಕ್ಕಿ ಚಹಾ ಕುಡಿಯಲು ಹೊರಗೆ ಹೋದೆ. ಗೆರೆ ಕೂಡಿಸಿ ಮತ್ತೊಮ್ಮೆ ಕತ್ತರಿಸಿ, ಬೇಡದ ಚೂರುಗಳನ್ನು ಸೂಜಿಯಿಂದ ಕಿತ್ತು, ಟೆಂಪೊಗೆ ಅಂಟಿಸಿ ಕಳಿಸಿದಾಗ ಈ ಜನ್ಮಕ್ಕೆ ಇನ್ನು ಮುಖಗಳು ಸಾಕು ಎನ್ನಿಸಿತ್ತು.

ಒಂದು ವಾರವೂ ನೆಮ್ಮದಿಯಿಂದ ಕಳೆಯಲಿಲ್ಲ. ಬಿಳಿ ಟೋಪಿ, ಧೋತರದ ಮುದುಕರೊಬ್ಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಟೆಂಪೊ ಮ್ಯಾಲ ಮಾರಿ ಕೊರದಾಕಿ ನೀನೇ ಏನವಾ?" ಎಂದರು.

"ಹೌದ್ರಿ ಕಾಕಾ. ಬರ್ರಿ, ಕುಂದ್ರಿ. ಏನು ಮಾಡಬೇಕ್ರಿ?"

"ಕಿತ್ತು ಹಾಕಬೇಕು. ಅದು ನನ್ನ ಮಾರಿ."

ಅವರ ಮೇಲ್ದುಟಿಯನ್ನೇ ನೋಡಿದೆ. ಅಲ್ಲಿ ಮೀಸೆಯೇ ಇರಲಿಲ್ಲ. ನಾನು ಬಿಂದು ಬಿಂದು ಕೂಡಿಸಿದ, ಮಷಿನ್ನಿನಲ್ಲಿ ಹರಿದುಕೊಂಡ ಆ ಮೀಸೆ ಇಲ್ಲವೇ ಇಲ್ಲ!

"ಗಾಡಿ ಮ್ಯಾಲ ಹಿಂಗ ಸತ್ತವರದು ಹಾಕ್ತಾರ" ಎಂದು ಅವರು ಗುಡುಗಿದರು. "ನಾ ಇನ್ನಾ ಉಸುರಾಡಾಕತ್ತೀನಿ. ಯಾವಾಗ ಹೋದಿ ಅಂತ ಮಂದಿ ನನ್ನ ಕಡಿಂದೇ ಹಣ್ಣು ತಗೊಂಡು ನನ್ನೇ ಕೇಳ್ತಾರ. ನಿನ್ನೆ ಕಾಳಗಿಯಿಂದ ನಮ್ಮ ತಂಗಿ ಅಳಕೋತ ಬಂದಾಳ!"

ನಗು ಬಂತು, ಜೊತೆಗೆ ಹೆದರಿಕೆಯೂ ಬಂತು. ಗಾಡಿಯವನ ಒಪ್ಪಿಗೆ ಇಲ್ಲದೆ ಕೀಳಲು ಬರುವುದಿಲ್ಲ ಎಂದೆ. ಅವನ ಹೆಸರೆತ್ತಬೇಡ ಎಂದರು. ಇವರಿಬ್ಬರ ನಡುವೆ ನನ್ನನ್ನೇಕೆ ಹಾಕಿ ಅರೆಯುತ್ತಾರೆ ಎಂಬ ಸಿಟ್ಟಿನಲ್ಲಿ ಅವರೆದುರೇ ರೇಣುಕಾಳಿಗೆ ಫೋನು ಮಾಡಿ, "ನಿಮ್ಮಪ್ಪ ಬಂದಾರ, ನೀನೇ ಬಂದು ಬಗೆಹರಿಸು" ಎಂದುಬಿಟ್ಟೆ. ಅವರು ಎದ್ದು ಹೋಗಬಹುದಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು.

ರೇಣುಕಾ ಓಡಿಕೊಂಡೇ ಬಂದಳು. ಕೈಗೆ ಹಿಟ್ಟು ಹತ್ತಿತ್ತು. ಬಾಗಿಲಲ್ಲಿ ನಿಂತು ತಂದೆಯ ಮುಖವನ್ನು ದಿಟ್ಟಿಸಿದಳು. ಅಷ್ಟು ವರ್ಷಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು:

"ಅಪ್ಪಾ, ಮೀಸಿ ಎಲ್ಲಿ?"

ಅವರು ತುಟಿಯ ಮೇಲೆ ಬೆರಳಾಡಿಸಿದರು. "ಬೆಳ್ಳಗಾಗಿತ್ತವಾ. ತೆಗಸೀನಿ."

"ಯಾವಾಗ?"

"ನೀ ಹೋದ ಮ್ಯಾಲ."

ಅವಳು ಅಳತೊಡಗಿದಳು. ಅವರು ಅಳಲಿಲ್ಲ, ನನ್ನ ಕಡೆ ತಿರುಗಿ, ಎಲ್ಲ ನನ್ನದೇ ತಪ್ಪೆಂಬ ಹಾಗೆ ಗದರಿದರು: "ನೋಡ್ತಾ ನಿಂತಿಯಲ್ಲ, ನೀರು ಕೊಡು ಅಕಿಗಿ."

ಸಂಜೆ ಸಿದ್ಧಾರ್ಥ ಚಿಂಚೋಳಿ ಬಳಿಯ ಚಂದಾಪುರದಲ್ಲಿ ಕಲ್ಲು ಇಳಿಸಿ ನೇರ ಅಂಗಡಿಗೇ ಬಂದ. ಅಲ್ಲಿಯವರೆಗೂ ಅಂಗಡಿಯಲ್ಲೇ ಕೂತಿದ್ದ ಮಾವ ಎದ್ದು ಟೆಂಪೊದ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲಿನ ಮುಂದೆ, ತಮ್ಮದೇ ಮುಖದೆದುರು, ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಳಿಯನನ್ನು ನೋಡದೆ, "ಹಿಂದಿನ ಗಾಲಿಯಾಗ ಗಾಳಿ ಕಮ್ಮಿ ಅದ" ಎಂದರು. ಸಿದ್ಧಾರ್ಥ, "ಹೌದ್ರಿ, ತುಂಬಸ್ತೀನ್ರಿ" ಎಂದ. ಆ ದಿನ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಮುಖ ಕೀಳುವ ಮಾತು ಯಾರೂ ಮತ್ತೆ ಎತ್ತಲಿಲ್ಲ. ಇರುವುದಾದರೆ ಈಗಿನ ಮುಖ ಇರಲಿ ಎಂದು ಮುದುಕರ ಹಟ. ಕೆಳಗೆ 'ಜೀವಂತ ಇದ್ದಾರೆ' ಎಂದು ಬರೆಯಬೇಕೆಂದೂ ಹೇಳಿದರು. ಅದಕ್ಕೆ ಮಾತ್ರ ನಾನು ಕೈಮುಗಿದೆ. ಬಾಗಿಲ ಬೆಳಕಿನಲ್ಲಿ ಕೂರಿಸಿ ಫೋಟೊ ತೆಗೆದು, ಮತ್ತೆ ಮೊದಲಿನಿಂದ ಬಿಂದು ಇಡುತ್ತಾ ಕೂತೆ. ಮೀಸೆಯಿಲ್ಲದ ಆ ಮುಖದಲ್ಲಿ ಗೆರೆಗಳೇ ಕಡಿಮೆ, ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆದರೆ ಯಾರಿಗೂ ಗುರುತು ಹತ್ತುವುದಿಲ್ಲ. ಸೇಡಂನಲ್ಲಿ ಚಹಾಕ್ಕೆ ನಿಂತಾಗ, ಯಾರಪ್ಪ ಇವರು ಎಂದು ಜನ ಕೇಳುತ್ತಾರಂತೆ. ನಮ್ಮ ಮಾವ ಎಂದು ಸಿದ್ಧಾರ್ಥ ಎಲ್ಲರಿಗೂ ಹೇಳಬೇಕಾಗುತ್ತದಂತೆ. ಅವನಿಗೆ ಅದರಿಂದ ಬೇಸರವೇನೂ ಇದ್ದ ಹಾಗೆ ಕಾಣಲಿಲ್ಲ.

ಆಗಿನಿಂದ, ಬದುಕಿರುವವರ ಮಸುಕು ಫೋಟೊ ಯಾರೇ ತಂದರೂ, "ಅವರನ್ನೇ ಕರಕೊಂಡ್ ಬರ್ರಿ" ಎನ್ನುತ್ತೇನೆ. ಹಲವರು ಗೊಣಗಿಕೊಂಡು ಹೋಗುತ್ತಾರೆ. ಕೆಲವರು ಸುಮ್ಮನೆ ನೆಲ ನೋಡುತ್ತಾರೆ. ಅಂಥವರಿಗೆ ಚಹಾ ತರಿಸುತ್ತೇನೆ.

ಇವತ್ತು ಈ ಹೊಸ ರೋಲಿನಿಂದ ಮೊದಲು ಕತ್ತರಿಸುತ್ತಿರುವುದು ದೇವಿಂದ್ರಪ್ಪನವರಿಗೇ. ಬೆಳಗಿನ ಬಸ್ಸಿಗೆ ಬಂದು ಎದುರಿಗೆ ಕೂತಿದ್ದಾರೆ. ಹಣ್ಣಿನ ಬಂಡಿಗೆ ಮಗಳ ಹೆಸರು ಬೇಕಂತೆ. ಬರೀ ಅಕ್ಷರ, ಮುಖವಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಆದರೆ ಎಷ್ಟು ದೊಡ್ಡದು ಮಾಡಿದರೂ ಅವರಿಗೆ ಸಾಲದು. ಇನ್ನಾ ದೊಡ್ಡದು, ಇನ್ನಾ ದೊಡ್ಡದು ಎನ್ನುತ್ತಲೇ ಇದ್ದಾರೆ. ತಾಳಲಾರದೆ, "ಕಾಕಾ, ಬಂಡಿಕಿಂತ ಹೆಸರೇ ದೊಡ್ಡದಾಯ್ತು. ಇಷ್ಟ್ಯಾಕ್ರಿ?" ಎಂದೆ.

"ರಸ್ತಾದ ಆ ಕಡಿಂದ ಓದಾಕ ಬರಬೇಕವಾ" ಎಂದರು. "ಟೆಂಪೊ ಭಾಳ ಜೋರ ಹೋಗ್ತದ."