ಉಕ್ಕದ ಹಾಲು

ಕೊಯಮತ್ತೂರಿನ ನಮ್ಮ ಕಾಲೇಜಿನಲ್ಲಿ ಗೃಹವಿಜ್ಞಾನದ ವಿದ್ಯಾರ್ಥಿನಿಯರ ಸಂಘವೊಂದಿತ್ತು. ಅದರ ಅಧ್ಯಕ್ಷೆಯ ಚುನಾವಣೆಗೆ ನಾನು ನಿಂತದ್ದು ಒಂದು ಬೀಗದ ಕೈಗಾಗಿ. ಅಧ್ಯಕ್ಷೆಯಾದವಳಿಗೆ ಆಹಾರ ಪ್ರಯೋಗಶಾಲೆಯ ಕೀ ಸಿಗುತ್ತಿತ್ತು. ಪ್ರಯೋಗಶಾಲೆ ಎಂದರೆ ಸಾಲು ಸಾಲು ಒಲೆಗಳಿರುವ ದೊಡ್ಡ ಅಡುಗೆಮನೆ, ಅಷ್ಟೆ. ಆದರೆ ನನಗೆ ಅದೇ ಸ್ವರ್ಗ. ಮನೆಯ ಅಡುಗೆಮನೆ ಅಮ್ಮನ ರಾಜ್ಯ, ಅಲ್ಲಿ ನನ್ನ ಬೇಳೆ ಬೇಯುತ್ತಿರಲಿಲ್ಲ.

ಆ ರಾಜ್ಯದ ಆಡಳಿತವಾದರೂ ಎಂಥದ್ದು! ಅಮ್ಮ ಹಾಲನ್ನು ಒಲೆಗಿಟ್ಟು ಪಕ್ಕದ ಮನೆಯಾಕೆಯೊಡನೆ ಮಾತಿಗೆ ನಿಲ್ಲುವವಳು. ದಿನವೂ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ನಾನು ಹಿಂದೆ ನಿಂತು ಪಾಠ ಒಪ್ಪಿಸುತ್ತಿದ್ದೆ: "ಪೋಷಕಾಂಶ ನಷ್ಟ, ಇಂಧನ ನಷ್ಟ, ಶ್ರಮ ನಷ್ಟ. ಇದು ಗೃಹ ನಿರ್ವಹಣೆಯ ಲೋಪ."

"ಸರಿ ಅಮ್ಮಿಣಿ," ಎಂದು ಅಮ್ಮ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದಳು. ಹೆಣ್ಣುಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುವುದು ನಮ್ಮೂರಿನ ರೂಢಿ.

ಚುನಾವಣೆ ಗೆದ್ದೆ. ಪದಗ್ರಹಣ ಒಂದು ಶುಕ್ರವಾರ ಬೆಳಿಗ್ಗೆ. ನಮ್ಮ ಸಂಘದ ಸಂಪ್ರದಾಯದಂತೆ ಹೊಸ ಅಧ್ಯಕ್ಷೆ ವೇದಿಕೆಯ ಮೇಲೆ ಹಾಲು ಕಾಯಿಸಬೇಕು, ಗೃಹಪ್ರವೇಶದಲ್ಲಿ ಮಾಡುವಂತೆ ಅದು ಉಕ್ಕಿ ಹರಿಯಬೇಕು. ಉಕ್ಕಿದ ಮೇಲೇ ಪ್ರಮಾಣವಚನ, ಆಮೇಲೆ ಕೀ. ಮುಖ್ಯ ಅತಿಥಿ ನಮಗೆಲ್ಲ ಏಪ್ರನ್ ಬಟ್ಟೆ ದಾನ ಮಾಡಿದ್ದ ಸೋಮನೂರಿನ ಮಗ್ಗದ ಯಜಮಾನರು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗಿಯದಿದ್ದರೆ ತಾವು ಕೀ ಮುಟ್ಟುವುದಿಲ್ಲ ಎಂದು ಬಂದ ತಕ್ಷಣವೇ ಹೇಳಿಬಿಟ್ಟಿದ್ದರು. ಹಾಗಾದರೆ ಸಮಾರಂಭ ಪರೀಕ್ಷೆಗಳ ಆಚೆಗೆ ಹೋದಂತೆಯೇ.

ಹಾಲಿಟ್ಟೆವು. ನಾದಸ್ವರದವರು ಊದಲು ಸಿದ್ಧರಾದರು. ಹಾಲು ಬಿಸಿಯಾಯಿತು, ಹಬೆಯಾಡಿತು, ಉಕ್ಕಲಿಲ್ಲ. ನಾದಸ್ವರದವರು ವಾದ್ಯ ಕೆಳಗಿಟ್ಟರು. ಪಾತ್ರೆಯೊಳಗಿಂದ ಟಕಟಕ ಎಂದು ಸದ್ದು ಬೇರೆ ಬರುತ್ತಿತ್ತು.

ವಿಭಾಗದ ಮುಖ್ಯಸ್ಥೆ ಬಂದು ಇಕ್ಕಳ ಹಾಕಿ ತಡಕಿದರು. ತಳದಿಂದ ಒಂದು ಸಾಸರ್ ಮೇಲೆ ಬಂತು. ಹಾಲು ಉಕ್ಕದಿರಲಿ ಎಂದು ಕಾರ್ಯದರ್ಶಿ ಹಾಕಿದ್ದಳು. ಪಾತ್ರೆಯ ಅಂಚಿಗೆ ಖಜಾಂಚಿ ತುಪ್ಪ ಸವರಿದ್ದಳು. ಉರಿಯನ್ನು ಸಣ್ಣಗೆ ಮಾಡಿದ್ದವಳು ಉಪಾಧ್ಯಕ್ಷೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಲು ಉಕ್ಕಬಾರದೆಂದು ಮೂರು ವರ್ಷ ಓದಿದ್ದು ಕೈಯಲ್ಲಿ ಹಾಗೆ ಕೂತುಬಿಟ್ಟಿತ್ತು. ಅವರನ್ನೆಲ್ಲ ಗದರಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮುಖ್ಯಸ್ಥೆ ನನ್ನ ಕೈ ನೋಡಿದರು. ಮೊದಲಿನಿಂದಲೂ ನಾನು ಸೌಟಿನಿಂದ ಹಾಲನ್ನು ಕಲಕುತ್ತಲೇ ಇದ್ದೆ.

ಪಾತ್ರೆ ಬದಲಾಯಿತು, ಉರಿ ಜೋರಾಯಿತು, ಸೌಟನ್ನು ಕಿತ್ತುಕೊಂಡರು. ಈ ಸಲ ಹಾಲು ನೊರೆಗಟ್ಟಿ ಮೇಲಕ್ಕೆದ್ದಿತು. ಖಜಾಂಚಿ ಚಂಗನೆ ಹಾರಿ ಒಲೆ ಆರಿಸಿದಳು.

"ಪೊಂಗಟ್ಟುಂ, ವಿಡುಮ್ಮಾ!" ಉಕ್ಕಲಿ ಬಿಡೇ ಎಂದು ಮುಖ್ಯಸ್ಥೆ ಮೈಕಿನಲ್ಲೇ ಕೂಗಿದರು.

ಮತ್ತೆ ಹಚ್ಚಿದರು. ಮತ್ತೆ ಎದ್ದಿತು. ಈ ಬಾರಿ ಆರಿಸಿದವಳು ನಾನು. ಆಣೆ ಮಾಡಿ ಹೇಳುತ್ತೇನೆ, ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಅಳು ಬಂತು. ಯಜಮಾನರು ಗಡಿಯಾರ ನೋಡಿ ಚಪ್ಪಲಿ ಹುಡುಕತೊಡಗಿದರು. ನನ್ನ ಕೀ ಹೋಯಿತು ಎಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಅಮ್ಮ ಎದ್ದಳು. ಸಿರುಮುಗೈ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ನೇರ ವೇದಿಕೆ ಹತ್ತಿದಳು.

"ಏನ್ ಅಮ್ಮಿಣಿ, ಇನ್ನೂ ಪೊಂಗಲಿಲ್ಲವಾ? ನೀವೆಲ್ಲಾ ಕೊಂಚ ದೂರ ನಿಲ್ಲಿ."

ಒಲೆ ಹಚ್ಚಿದಳು. ಅದಕ್ಕೆ ಬೆನ್ನು ಹಾಕಿ ಯಜಮಾನರ ಕಡೆ ತಿರುಗಿ, ಸೋಮನೂರಿನಲ್ಲಿ ಯಾವ ಬೀದಿ ಎಂದು ತಮಿಳಿನಲ್ಲಿ ವಿಚಾರಿಸಿದಳು. ಅವರು ಹೇಳಿದರು. ಆ ಬೀದಿಯಲ್ಲಿ ಅಮ್ಮನ ಚಿಕ್ಕಮ್ಮನ ನಾದಿನಿ ಇದ್ದಳಂತೆ, ಅವಳ ಮಗಳಿಗೆ ಧಾರಾಪುರದಲ್ಲಿ ಗಂಡು ಗೊತ್ತಾಗಿತ್ತಂತೆ. ಆ ಗಂಡಿನ ವಿಷಯ ಯಜಮಾನರಿಗೂ ಗೊತ್ತು! ಚಪ್ಪಲಿ ಮರೆತು ಅವರೂ ಮಾತಿಗೆ ನಿಂತರು. ನಮ್ಮ ನಾಲ್ವರ ಕೈಗಳನ್ನೂ ಮುಖ್ಯಸ್ಥೆ ಹಿಡಿದುಕೊಂಡಿದ್ದರು.

ಮದುವೆ ಏಕೆ ಮುರಿಯಿತು ಎನ್ನುವಲ್ಲಿಗೆ ಮಾತು ಬರುವಷ್ಟರಲ್ಲಿ ಹಾಲು ಉಕ್ಕಿತು. ಒಲೆ, ಮೇಜು, ಮೇಜಿನ ಬಟ್ಟೆ ಎಲ್ಲ ತೋಯ್ದುಹೋಯಿತು. ನಾದಸ್ವರ ಮೊಳಗಿತು. ಅಮ್ಮ ತಿರುಗಿ ನೋಡಿ, "ಅಯ್ಯೋ" ಎಂದಳು, ದಿನವೂ ಅನ್ನುವಂತೆಯೇ.

ಓಡುವ ದನಿಯಲ್ಲಿ ಪ್ರಮಾಣವಚನ ಮುಗಿಸಿದೆ. ರಾಹುಕಾಲಕ್ಕೆ ಮುಂಚೆ ಕೀ ಕೈಗೆ ಬಂತು. ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆ ಕ್ಷಣ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಅಮ್ಮ ಕೈಚೀಲದಿಂದ ಒಂದು ಹಳೇ ಬಟ್ಟೆ ತೆಗೆದಳು. ಮನೆಯ ಒಲೆ ಒರೆಸುವ ಬಟ್ಟೆಯೇ. ಹಾಲುಕ್ಕಿಸುವ ಕಾರ್ಯಕ್ರಮವೆಂದು ತಿಳಿದು ತಂದಿದ್ದಳು. ಎಂದಿನಂತೆ ಅವಳೇ ಒರೆಸುತ್ತಾಳೆಂದು ನಾನು ಪಕ್ಕಕ್ಕೆ ಸರಿದೆ. ಬಟ್ಟೆಯನ್ನು ನನ್ನ ಕೈಗಿಟ್ಟಳು.

"ಕೀ ನಿಂದಲ್ಲವಾ ಅಮ್ಮಿಣಿ? ಒರಸು."

ಒರೆಸಿದೆ. ಸೀದ ಹಾಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲವೆಂದು ಯಾವ ಪಾಠದಲ್ಲೂ ಇರಲಿಲ್ಲ. ನಾನು ತಿಕ್ಕುತ್ತಿದ್ದಂತೆ ಅಮ್ಮ ಹಿಂದೆ ಬಂದು ನಿಂತು, ಮೆಲ್ಲಗೆ ನನ್ನದೇ ರಾಗದಲ್ಲಿ ಶುರು ಮಾಡಿದಳು: "ಪೋಷಕಾಂಶ ನಷ್ಟ, ಇಂಧನ ನಷ್ಟ, ಶ್ರಮ ನಷ್ಟ..." ಒಂದು ಪದವೂ ತಪ್ಪಲಿಲ್ಲ.