ಖಾತಾ-ಪೀತಾ ಮನಿ

ಹೋಳಿಗೆ ಮಾಡುವುದರಲ್ಲಿ ಆಳಂದದಲ್ಲಿ ನನಗೆ ಸರಿಸಮ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಅವ್ವ ತೀರಿಕೊಂಡಾಗ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಒಲೆ ಮುಂದೆ ಕೂತವಳು ನಾನು. ತಂಗಿಯ ಶಾಲೆ ಮಾತ್ರ ಬಿಡಿಸಲು ಬಿಡಲಿಲ್ಲ. ಅವಳು ಓದುತ್ತ ಓದುತ್ತ, ತೊಗರಿಗೆ ಬರುವ ರೋಗಗಳ ಬಗ್ಗೆ ಕಲಿಯಲು ಅಮೆರಿಕದವರೆಗೆ ಹೋದಳು.

ಅವಳ ಖರ್ಚು ಅಪ್ಪನ ಬೇಳೆ ಮಿಲ್ಲಿನಿಂದ ಹೋಗುತ್ತಿತ್ತು. ಅವಳು ಹೋದ ಮರುವರ್ಷ ಮಿಲ್ಲಿಗೆ ಬೆಂಕಿ ಬಿದ್ದು ಯಂತ್ರ, ಚೀಲ ಎಲ್ಲ ಸುಟ್ಟವು. ಹೊರದೇಶದಿಂದ ಓದಲು ಬಂದವರು ಅಲ್ಲಿ ಕಾಲೇಜಿನ ಹೊರಗೆ ದುಡಿಯುವಂತಿಲ್ಲ. ಮನೆಗೆ ಅನಿರೀಕ್ಷಿತವಾಗಿ ಕಷ್ಟ ಬಂದಿದೆ ಎಂದು ತೋರಿಸಿದರೆ ಮಾತ್ರ ಅಲ್ಲಿಯ ಸರಕಾರ ಪರವಾನಗಿ ಕೊಡುತ್ತದಂತೆ. ಅದಕ್ಕೆ ನಮ್ಮ ತಹಸೀಲಿನ ದಾಖಲೆ ಬೇಕಿತ್ತು. ಇಲ್ಲದಿದ್ದರೆ ಅವಳು ಓದು ಅರ್ಧಕ್ಕೆ ಬಿಟ್ಟು ಬರಬೇಕು.

ವಿಚಾರಣೆಗೆ ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಮನೆಗೇ ಬರುತ್ತಾರೆ ಎಂದು ಗೊತ್ತಾಯಿತು. ಅಪ್ಪ ಹೇಳಿದ್ದ, "ಯವ್ವಾ, ಇವತ್ತ ಬರೇ ಚಾ ಕೊಡು."

"ಮನಿಗಿ ಬಂದೋರಿಗಿ ಬರೇ ಚಾ ಕೊಡ್ಲೇನಪ್ಪಾ? ಮಂದಿ ಏನಂದಾರು?"

ಓಣಿಯಲ್ಲೆಲ್ಲ ಕೈಗಡ ತಂದೆ. ಒಬ್ಬರ ಜಮಖಾನ, ಒಬ್ಬರ ಬೆಳ್ಳಿ ಲೋಟ, ಇನ್ನೊಬ್ಬರ ತುಪ್ಪ. ಬೇಳೆ ಮಿಲ್ಲಿನವರ ಮಗಳಾದ ನಾನು ಬೇಳೆಯನ್ನೂ ಕಡ ತಂದೆ. ಸಾಹೇಬರು ತುಪ್ಪದಲ್ಲಿ ಅದ್ದಿ ಅದ್ದಿ ಉಂಡರು. ಅಪ್ಪ ಮಿಲ್ಲು ನೋಡಲು ಕರೆದ.

"ಇರ್ಲಿ ಬಿಡ್ರಿ, ಹೊಟ್ಟಿ ಭಾರ ಆಗ್ಯಾದ," ಎಂದು ನಕ್ಕರು. ಹೊಸಿಲು ದಾಟುವಾಗ ತಿರುಗಿ, "ಭಾಳ ಖಾತಾ-ಪೀತಾ ಮನಿ ಅದರೀ ನಿಮ್ದು!" ಎಂದರು.

ಉಂಡುಟ್ಟು ಸುಖವಾಗಿರುವ ಮನೆ ಎಂದರ್ಥ. ನಾನು ಹಿಗ್ಗಿದೆ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ.

ಅದೇ ಮಾತು ವರದಿಗೆ ಹೋಯಿತು. ಕಷ್ಟವೇನೂ ಕಂಡುಬಂದಿಲ್ಲ ಎಂದು ಅರ್ಜಿ ತಿರುಗಿ ಬಂತು. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ತಂಗಿಗೆ ಹೇಳಿದೆ. ಅವಳು, "ಅವ ಲಂಚ ಕೇಳಿದ್ನೇನ ಅಕ್ಕಾ?" ಎಂದಳು.

"ಹೂಂ," ಎಂದುಬಿಟ್ಟೆ.

ಮರುದಿನ ನಾನೇ ಕಚೇರಿಗೆ ಹೋದೆ. ನಾಚಿಕೆ ಬಿಟ್ಟು, ಎಲ್ಲರ ಎದುರೇ ಹೇಳಿದೆ. "ಸಾಹೇಬ್ರ, ನೀವು ಉಂಡದ್ದು ನಮ್ದಲ್ರಿ. ತುಪ್ಪ ಒಬ್ಬರ್ದು, ಬ್ಯಾಳಿ ಒಬ್ಬರ್ದು, ನೀವು ಕುಂತ ಜಮಖಾನ ಇನ್ನೊಬ್ಬರ್ದು."

ಅವರು ಸಿಟ್ಟಾಗಲಿಲ್ಲ. ಮತ್ತೆ ಬಂದು ನಮ್ಮ ಖಾಲಿ ಡಬ್ಬಿಗಳನ್ನು ತೆರೆದು ನೋಡಿದರು, ಸುಟ್ಟ ಮಿಲ್ಲಿನಲ್ಲಿ ನಿಂತು ಹೊಸ ವರದಿ ಬರೆದರು. ತಂಗಿಗೆ ಪರವಾನಗಿ ಸಿಕ್ಕಿತು. ಅಷ್ಟರಲ್ಲಿ ಅವಳ ಒಂದು ಚಳಿಗಾಲ ಅರೆಹೊಟ್ಟೆಯಲ್ಲಿ ಕಳೆದಿತ್ತು. ನನ್ನ "ಹೂಂ" ಮಾತ್ರ ನಾನು ತಿದ್ದಲಿಲ್ಲ.

ಓದು ಮುಗಿಸಿ ಅವಳು ಬಂದ ಮೇಲೆ ಇಬ್ಬರೂ ಗಾಣಗಾಪುರಕ್ಕೆ ಹೊರಟಿದ್ದೆವು. ಚೌಡಾಪುರದಲ್ಲಿ ಬಸ್ಸು ಕಾಯುತ್ತಿದ್ದಾಗ, ನಿವೃತ್ತರಾಗಿದ್ದ ಅದೇ ಸಾಹೇಬರು ಎದುರಾದರು.

"ಅಕ್ಕೋರ, ನಿಮ್ಮ ಹೋಳಿಗಿ ಇನ್ನಾ ನೆನಪದರೀ!"

ಇವರೇ ಆ ಗಿರ್ದಾವರರು ಎಂದು ನಾನು ಮೆಲ್ಲಗೆ ಹೇಳಿದ್ದೇ ತಂಗಿ ಮುಖ ತಿರುಗಿಸಿ, ಕೇಳುವಂತೆಯೇ ಅಂದಳು, "ಲಂಚ ತಿಂಬೋರಿಗಿ ಎಲ್ಲಾ ನೆನಪಿರ್ತದ."

ಸಾಹೇಬರ ಮುಖದ ನಗು ಹಾಗೇ ನಿಂತುಹೋಯಿತು. ಅವರು ನನ್ನ ಕಡೆ ನೋಡಿದರು.

"ಅವರು ಏನೂ ಕೇಳಿಲ್ಲ," ಎಂದೆ. "ನಾನೇ ಸುಳ್ಳ ಹೇಳಿದ್ದೆ. ಮನಿ ದೊಡ್ಡದು ಅಂತ ತೋರ್ಸಾಕ ಹೋಗಿ ನಿನ್ನ ಅರ್ಜಿ ಕೆಡಿಸಿದಾಕಿ ನಾ." ಹೋಳಿಗೆ, ತುಪ್ಪ, ಜಮಖಾನ, ಎಲ್ಲ ಹೇಳಿದೆ.

ತಂಗಿ ರಸ್ತೆಯ ಕಡೆ ತಿರುಗಿದಳು. ಬಸ್ಸು ಬಂತು, ನಾವು ಹತ್ತಲಿಲ್ಲ, ಹೋಯಿತು.

"ಅಲ್ಲಿ ನಾ ಬ್ರೆಡ್ಡು ನೀರಾಗ ಅದ್ದಿ ತಿಂದೀನಿ ಅಕ್ಕಾ," ಎಂದಳು. ಆಮೇಲೆ ಸಾಹೇಬರಿಗೆ ಕೈಮುಗಿದಳು. "ತಪ್ಪಾತ್ರಿ. ಬರ್ರಿ, ಚಾ ಕುಡಿಯೂನು."

ಹೋಟೆಲಿನ ಬೆಂಚಿನ ಮೇಲೆ ಮೂವರೂ ಕೂತೆವು. ಬಾಣಲೆಯಲ್ಲಿ ಬಿಸಿ ಭಜಿ ಏಳುತ್ತಿದ್ದವು. ರೂಢಿಬಲ, ನಾನು ಒಂದು ತಾಟು ತರಿಸಲು ಕೈ ಎತ್ತಿದೆ. ತಂಗಿ ಆ ಕೈ ಹಿಡಿದು ಕೆಳಗಿಳಿಸಿದಳು.

"ನೀ ಸುಮ್ನ ಕುಂದ್ರಬೇ," ಎಂದಳು. "ಬರೇ ಚಾ."